ಎರವಲು ವಿಳಾಸ

ಬೇರೆಯವರ ಮನೆಯ ವಿಳಾಸವನ್ನು ನಾನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದೆ. ಆರನೆಯ ತರಗತಿಗೆ ಸೇರುವ ಮುಂಚಿನ ಬೇಸಿಗೆ ಪೂರ್ತಿ, ಸ್ಯಾನ್ ಡಿಯಾಗೋದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಊಟಕ್ಕೆ ಕೂತಾಗ, ಅಪ್ಪ ರೊಟ್ಟಿ ಮುರಿಯುತ್ತಾ ಇದ್ದಕ್ಕಿದ್ದಂತೆ ಕೇಳುತ್ತಿದ್ದ. ಯಾರು, ಯಾವಾಗ ಕೇಳಿದರೂ ತಡವರಿಸದೆ ಹೇಳುವುದು ನನಗೆ ರೂಢಿಯಾಗಬೇಕು ಎಂಬುದು ಅವನ ಲೆಕ್ಕಾಚಾರ.

“ಗಿರಿಜಾ, ನೀ ಎಲ್ಲಿರ್ತಿ?”

“ಹಾಕ್ ರಿಡ್ಜ್ ಲೇನ್.”

“ಯಾರ ಜೋಡಿ?”

“ಉಷಾ ಆಂಟಿ ಜೋಡಿ.”

ಅವ್ವ ಒಲೆಯ ಮುಂದೆ ನಿಂತು ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದಳು. ನಮ್ಮ ಕಡೆ ತಿರುಗುತ್ತಿರಲಿಲ್ಲ. ಒಂದು ದಿನ ಮಾತ್ರ ಹಿಟ್ಟು ಮೆತ್ತಿದ ಕೈಯನ್ನು ಹಾಗೇ ಎತ್ತಿ ಅಪ್ಪನಿಗೆ ಹೇಳಿದಳು.

“ಕೂಸು ಈ ಮನ್ಯಾಗ ಕುಂತು ಉಣ್ಣಾಕತ್ತೈತಿ. ಎಲ್ಲಿರ್ತಿ ಅಂತ ಕೇಳ್ತೀರಿ. ನಾಚಿಕಿ ಬರಂಗಿಲ್ಲೇನು ನಿಮಗ?”

ಅಪ್ಪ ತಟ್ಟೆ ಮುಂದಕ್ಕೆ ತಳ್ಳಿದ. ಪಲ್ಯ ಹಾಕು ಎಂದ. ಅವನಿಗೂ ನಾಚಿಕೆಯಾಗಿದೆ ಎಂದು ನನಗೆ ಆಗಲೇ ಗೊತ್ತಾಗಿತ್ತು. ಮಕ್ಕಳಿಗೆ ಇಂಥವು ಬೇಗ ಗೊತ್ತಾಗುತ್ತವೆ.

ನೀ ಎಲ್ಲಿರ್ತಿ ಎಂಬ ಪ್ರಶ್ನೆಗೆ ಅಲ್ಲಿ ಎಂಥ ತೂಕವಿತ್ತು ಎಂದು ಮೊದಲು ಹೇಳಬೇಕು. ಅಲ್ಲಿ ಸರ್ಕಾರಿ ಶಾಲೆಯನ್ನು ನಾವು ಆರಿಸುವುದಲ್ಲ. ನಮ್ಮ ಮನೆ ನಕ್ಷೆಯ ಯಾವ ಗೆರೆಯೊಳಗೆ ಬೀಳುತ್ತದೋ ಆ ಶಾಲೆಗೆ ಹೋಗಬೇಕು. ನಮ್ಮ ಭಾಗದಲ್ಲಿ ಗೆರೆ ದೊಡ್ಡ ರಸ್ತೆಯ ನಡುವೆ ಹಾದಿತ್ತು. ಆಚೆ, ಗುಡ್ಡದ ಮೇಲೆ, ಕೆಂಪು ಹೆಂಚಿನ ಸ್ವಂತ ಮನೆಗಳು, ಅವುಗಳ ನಡುವೆ ಮೇಲಿನ ಶಾಲೆ. ಈಚೆ, ಇಳಿಜಾರಿನಲ್ಲಿ, ಟೈರ್ ಅಂಗಡಿ, ಲಾಂಡ್ರಿ, ನಮ್ಮಂಥ ಬಾಡಿಗೆಯವರ ಅಪಾರ್ಟ್‌ಮೆಂಟುಗಳು, ಕೆಳಗಿನ ಶಾಲೆ. ಮೇಲೆ ವಿಜ್ಞಾನದ ಲ್ಯಾಬು, ಪಿಟೀಲು ಕಲಿಸುವ ಕೋಣೆ, ಎಂಟನೆಯ ತರಗತಿಗೇ ಆಲ್ಜಿಬ್ರಾ. ಕೆಳಗೆ ಲಾರಿಯಲ್ಲಿ ತಂದು ಇಳಿಸಿದ ತಗಡಿನ ತರಗತಿಗಳು. ಎರಡೂ ಒಂದೇ ಸ್ಕೂಲ್ ಡಿಸ್ಟ್ರಿಕ್ಟಿನವು, ಅಂದರೆ ಒಂದೇ ಶಾಲಾ ಆಡಳಿತದವು, ಎರಡರ ಅಂಗಳದಲ್ಲೂ ಅದೇ ಬಾವುಟ, ಬೆಳಿಗ್ಗೆ ಎದೆಯ ಮೇಲೆ ಕೈಯಿಟ್ಟು ಹೇಳುತ್ತಿದ್ದ ಪ್ರತಿಜ್ಞೆಯೂ ಅದೇ. ಎಲ್ಲರಿಗೂ ನ್ಯಾಯ ಎಂದು ಅದರ ಕೊನೆಯಲ್ಲಿ ಬರುತ್ತದೆ. ನನಗೆ ಲೆಕ್ಕವೆಂದರೆ ಪ್ರಾಣ. ಆಲ್ಜಿಬ್ರಾ ಎಂಬ ಹೆಸರು ಕೇಳಿದರೇ ಬಾಯಲ್ಲಿ ನೀರೂರುತ್ತಿತ್ತು. ಅದು ರಸ್ತೆಯ ಆಚೆ ಇತ್ತು.

ನಮ್ಮ ಮನೆ ಮಾತ್ರ ನನಗೆ ಎಂದೂ ಕಡಿಮೆ ಅನ್ನಿಸಿರಲಿಲ್ಲ. ನಾನು ಹುಟ್ಟಿದ್ದು ರೆಡೊಂಡೊ ಬೀಚಿನಲ್ಲಿ. ಅಪ್ಪ ಅಲ್ಲಿಯ ವಿಮಾನದ ಕಂಪನಿ ಬಿಟ್ಟು ಟೆಲಿಕಾಂ ಕೆಲಸ ಹಿಡಿದಾಗ ದಕ್ಷಿಣಕ್ಕೆ, ಸ್ಯಾನ್ ಡಿಯಾಗೋಗೆ, ಬಂದೆವು. ಎರಡನೆಯ ಮಹಡಿ, ಒಂದು ಹಾಲ್, ಎರಡು ಕೋಣೆ, ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಕಾಯಬೇಕಾದ ಅಡಿಗೆಮನೆ. ಬಾಗಿಲು ಒಂದೇ. ಬಾಗಿಲ ಮುಂದಿನ ಸಿಮೆಂಟಿನ ವರಾಂಡದಲ್ಲಿ ಅವ್ವ ದಿನಾ ಬೆಳಿಗ್ಗೆ ರಂಗೋಲಿ ಹಾಕುತ್ತಿದ್ದಳು. ಕಟ್ಟಡದ ಮ್ಯಾನೇಜರು ಬಂದು ಇದು ಕೂಡದು ಎಂದಾಗ, ನೀರು ಹಾಕಿದರೆ ಹೋಗುತ್ತದೆ, ಇರಲಿ ಬಿಡಪ್ಪಾ ಎಂದು ಕನ್ನಡದಲ್ಲೇ ಹೇಳಿ ಮುಂದುವರಿಸಿದಳು. ಅವನು ಮತ್ತೆ ಆ ವಿಷಯಕ್ಕೆ ಬರಲಿಲ್ಲ. ಮೊದಮೊದಲು ಅವ್ವ ರೊಟ್ಟಿ ಬಡಿಯುವ ಸದ್ದಿಗೆ ಕೆಳಗಿನ ಮನೆಯ ರೋಸಾ ಪೊರಕೆಯ ಹಿಡಿಯಿಂದ ತನ್ನ ಛಾವಣಿಗೆ ಕುಟ್ಟಿ ಸಿಟ್ಟು ತೋರಿಸುತ್ತಿದ್ದಳು. ಅವ್ವ ಬಿಸಿ ರೊಟ್ಟಿ, ಶೇಂಗಾ ಚಟ್ನಿ ತೆಗೆದುಕೊಂಡು ಹೋಗಿ ಅವಳ ಬಾಗಿಲು ತಟ್ಟಿದಳು. ಅಂದಿನಿಂದ ಪೊರಕೆಯ ಸದ್ದು ಬಂದರೆ, ರೊಟ್ಟಿ ಆದವೇ ಎಂದು ಅರ್ಥ.

ಉಷಾ ಆಂಟಿ ನಮಗೆ ಹತ್ತಿರವಾದದ್ದು ಬೆಂಕಿ ಬಿದ್ದ ವರ್ಷ. ಅವರು ಬೆಂಗಳೂರಿನ ಕಡೆಯವರು, ಮನೆ ಗುಡ್ಡದ ಮೇಲೆ; ಅಂಕಲ್ ಅಪ್ಪನ ಆಫೀಸಿನವರು, ಮಗಳು ಮೇಘನಾ ನನ್ನ ವಯಸ್ಸಿನವಳು. ಗುಡ್ಡಗಳು ಹೊತ್ತಿಕೊಂಡು, ಹಗಲಿನಲ್ಲೇ ಆಕಾಶ ಕೆಂಪಾಗಿ, ಕಾರುಗಳ ಮೇಲೆಲ್ಲ ಬೂದಿ ಬಿದ್ದಾಗ, ಮೇಲಿನ ಮನೆಗಳವರೆಲ್ಲ ಜಾಗ ಖಾಲಿ ಮಾಡಬೇಕಾಯಿತು. ಅವರು ಮೂವರೂ ಬಂದು ನಮ್ಮ ಹಾಲಿನಲ್ಲಿ ಹಾಸಿಗೆ ಹಾಸಿಕೊಂಡರು. ಶಾಲೆಗಳಿಗೆ ರಜೆ. ಕಿಟಕಿಗಳಿಗೆ ಒದ್ದೆ ಟವೆಲು ಕಟ್ಟಿಕೊಂಡು ಒಳಗೇ ಕೂತು ಇಸ್ಪೀಟು ಆಡಿದೆವು, ಹಿಟ್ಟು ಇರುವ ತನಕ ರೊಟ್ಟಿ ತಿಂದೆವು, ಮುಗಿದ ಮೇಲೆ ಅನ್ನ. ಅವ್ವ ಪ್ರತಿ ಬೆಳಿಗ್ಗೆ ಬಾಗಿಲ ಮುಂದಿನ ಬೂದಿ ಗುಡಿಸಿ ರಂಗೋಲಿ ಹಾಕುವುದನ್ನು ಬಿಡಲಿಲ್ಲ. ನನ್ನ ಬಾಲ್ಯದ ಅತ್ಯಂತ ಸಂತೋಷದ ವಾರ ಅದು ಎಂದರೆ ಕೇಳಿದವರು ಗಾಬರಿಯಾಗುತ್ತಾರೆ, ಆದರೆ ಅದು ನಿಜ. ಆ ವಾರ ರಸ್ತೆಯ ನಡುವೆ ಯಾವ ಗೆರೆಯೂ ಇರಲಿಲ್ಲ. ಅವರ ಮನೆ ಉಳಿಯಿತು, ಅವರು ಹೊರಟು ಹೋದರು. ಆ ಋಣ ಆಂಟಿಯ ಮನಸ್ಸಿನಲ್ಲಿ ಉಳಿದಿತ್ತು. ಆರರಿಂದ ಎಂಟನೆಯ ತರಗತಿಯವರೆಗಿನ ಮಿಡ್ಲ್ ಸ್ಕೂಲಿಗೆ ನನ್ನನ್ನು ಸೇರಿಸುವ ಹೊತ್ತಿಗೆ ಅವರೇ ಬಂದು ಮಾತು ತೆಗೆದರು.

“ನಮ್ಮ ಅಡ್ರೆಸ್ ಕೊಟ್ಬಿಡಿ ರೀ. ಬೆಳಿಗ್ಗೆ ಇವಳನ್ನ ನಮ್ಮನೇಲಿ ಡ್ರಾಪ್ ಮಾಡಿ, ಮೇಘನಾ ಜೊತೆ ನಡ್ಕೊಂಡ್ ಹೋಗ್ತಾಳೆ. ಎಲ್ರೂ ಮಾಡ್ತಾರೆ ಇದನ್ನ. ಒಂದು ವಾರ ಇಟ್ಕೊಂಡ್ರಿ ನಮ್ಮನ್ನ, ಇಷ್ಟೂ ಮಾಡ್ಬಾರ್ದಾ ನಾವು?”

ಎಲ್ಲರೂ ಮಾಡುತ್ತಿದ್ದದ್ದು ಹೌದು. ಯುಗಾದಿಗೆ ಸೇರಿದ ಕನ್ನಡದವರ ನಡುವೆ ಯಾರ ಮಗು ಯಾರ ವಿಳಾಸದ ಮೇಲೆ ಓದುತ್ತಿದೆ ಎಂಬುದು ಗುಟ್ಟೇನೂ ಆಗಿರಲಿಲ್ಲ. ಹೆಪ್ಪಿಗೆ ಮೊಸರು ಕೊಟ್ಟಷ್ಟು ಸಲೀಸಾಗಿ ವಿಳಾಸ ಕೊಡುತ್ತಿದ್ದರು, ಕೊಟ್ಟವರಿಗೆ ಅದರಲ್ಲಿ ಒಂದಿಷ್ಟು ಹೆಚ್ಚುಗಾರಿಕೆಯೂ ಇತ್ತು. ಅಪ್ಪ ಕೈ ಜೋಡಿಸಿ ಒಪ್ಪಿಕೊಂಡ. ಅವ್ವ ಚಹಾದ ಕಪ್ಪು ತೆಗೆದುಕೊಂಡು ಎದ್ದು ಹೋದಳು.

ಹೀಗೆ ನಾನು ಮೇಲಿನ ಶಾಲೆಗೆ ಹೋಗತೊಡಗಿದೆ. ಅಪ್ಪ ಆಫೀಸಿಗೆ ಹೋಗುವ ದಾರಿಯಲ್ಲಿ ನನ್ನನ್ನು ಹಾಕ್ ರಿಡ್ಜ್ ಲೇನಿನಲ್ಲಿ ಇಳಿಸುತ್ತಿದ್ದ. ಆ ಮನೆಯವರು ಓಡಾಡುವುದೆಲ್ಲ ಗ್ಯಾರೇಜಿನ ಬಾಗಿಲಿಂದ. ಅವರ ಬೂಟು, ಚಪ್ಪಲಿಗಳೆಲ್ಲ ಗ್ಯಾರೇಜಿನೊಳಗಿನ ಗೂಡಿನಲ್ಲಿ. ಮುಂಬಾಗಿಲು ಬಂದು ಹೋಗುವವರಿಗೆ. ನಾನು ಮುಂಬಾಗಿಲ ಬಳಿ ಬೂಟು ಬಿಚ್ಚಿ, ಮೂತಿ ಗೋಡೆಗೆ ಮಾಡಿ ಜೋಡಿಸಿಟ್ಟು, ಸೋಫಾದ ತುದಿಯಲ್ಲಿ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆ. ಮೇಘನಾ ಸೀರಿಯಲ್ ತಿನ್ನುವುದನ್ನು ನೋಡುತ್ತಿದ್ದೆ. ಬೇರೆಯವರ ಮನೆಯಲ್ಲಿ ಕೇಳದೆ ಅಡಿಗೆಮನೆಗೆ ಕಾಲಿಡಬಾರದು, ಏನನ್ನೂ ತಾನಾಗಿ ಮುಟ್ಟಬಾರದು ಎಂದು ಅವ್ವ ಕಲಿಸಿದ್ದಳು. ಆ ಪಾಠವೂ ವಿಳಾಸದಷ್ಟೇ ಚೆನ್ನಾಗಿ ಬಾಯಿಗೆ ಬಂದಿತ್ತು. ಎರಡು ಪಾಠಗಳು ಒಂದಕ್ಕೊಂದು ಆಗಿಬರುವುದಿಲ್ಲ ಎಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಚಳಿಗಾಲದ ಒಂದು ಬೆಳಿಗ್ಗೆ ಆ ಮುಂಬಾಗಿಲ ಗಂಟೆ ಸದ್ದು ಮಾಡಿತು. ಡಿಸ್ಟ್ರಿಕ್ಟಿನಿಂದ ಬಂದವನು, ಮಕ್ಕಳು ಹೇಳಿಕೊಂಡ ಮನೆಯಲ್ಲೇ ಇದ್ದಾರೆಯೇ ಎಂದು ನೋಡುವುದು ಅವನ ಕೆಲಸ. ಎತ್ತರದ, ಮೃದು ಮಾತಿನ ಮನುಷ್ಯ. ಆಂಟಿ ಕಂಗಾಲಾದರೂ ಅಭ್ಯಾಸ ಬಿಡದೆ, ದಯವಿಟ್ಟು ಬೂಟು ಬಿಚ್ಚಿ ಬನ್ನಿ ಎಂದರು. ಅವನು ಬಿಚ್ಚಿ ಒಳಗೆ ಬಂದು ಕೂತ. ಆಂಟಿ ಒಂದೇ ಉಸಿರಿನಲ್ಲಿ, ಇವಳು ನಮ್ಮ ಜೊತೆಯಲ್ಲೇ ಇರುತ್ತಾಳೆ, ಮಗಳ ಹಾಗೆ, ಎಂದರು. ಅವನು ನನ್ನ ಕಡೆ ನೋಡಿ ನಕ್ಕ. ವಿಳಾಸ ಕೇಳಲಿಲ್ಲ. ನಾನು ಎಷ್ಟು ತಯಾರಾಗಿದ್ದೆ! ಯಾವ ವಿಷಯ ಇಷ್ಟ ಎಂದಷ್ಟೇ ಕೇಳಿದ. ಲೆಕ್ಕ ಎಂದೆ. ಬಾಯಾರಿಕೆಯಾಗಿತ್ತು. ಆಂಟಿಯ ಕಡೆ ತಿರುಗಿ, ಕಲಿಸಿಕೊಟ್ಟ ಹಾಗೆಯೇ, ಮೆಲ್ಲಗೆ ಕೇಳಿದೆ.

“ಆಂಟಿ, ಕ್ಯಾನ್ ಐ ಪ್ಲೀಸ್ ಹ್ಯಾವ್ ಸಮ್ ವಾಟರ್?”

ಅವನು ಕೈಯಲ್ಲಿದ್ದ ಪೆನ್ನನ್ನು ಜೇಬಿಗೆ ಹಾಕಿಕೊಂಡ. ಶಾಲೆಗೆ ಹೊತ್ತಾಗಿತ್ತು. ಮೇಘನಾ ಬೂಟು ತರಲು ಗ್ಯಾರೇಜಿಗೆ ಓಡಿದಳು. ನಾನು ಮುಂಬಾಗಿಲಿಗೆ ಹೋದೆ, ಅವನೂ ನನ್ನ ಹಿಂದೆ ಬಂದ. ಅಲ್ಲಿ ನನ್ನ ಚಿಕ್ಕ ಬೂಟಿನ ಪಕ್ಕದಲ್ಲಿ ಅವನ ದೊಡ್ಡ ಕಪ್ಪು ಬೂಟು. ಆ ಇಡೀ ಮೂಲೆಯಲ್ಲಿ ಇದ್ದದ್ದು ಅವೆರಡೇ ಜೊತೆ. ಅವನು ಅವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬಗ್ಗಿ ಲೇಸು ಕಟ್ಟಿಕೊಳ್ಳುತ್ತಾ, ನನಗೆ ಮಾತ್ರ ಕೇಳುವ ಹಾಗೆ ಹೇಳಿದ:

“ನಾವಿಬ್ಬರೂ ಈ ಮನೆಗೆ ಬಂದ ಅತಿಥಿಗಳು, ಅಲ್ಲವೇನಮ್ಮ?”

ಅವನ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಅನಂತರ, ಆಂಟಿಯ ಮೇಲೆ. ಬಾಗಿಲಲ್ಲಿ ನಿಂತಿದ್ದ ಉಷಾ ಆಂಟಿಗೂ ಆ ಮಾತು ಕೇಳಿಸಿತ್ತು. ಇಂಗ್ಲಿಷಿನಲ್ಲಿ ಗಡಿಬಿಡಿಯಾಗಿ ಹೇಳಿದರು: ಇವಳ ತಾಯಿ ಬಹಳ ಬೇಡಿಕೊಂಡಳು, ಬೇಡವೆನ್ನಲಾಗಲಿಲ್ಲ, ಇದರಲ್ಲಿ ನಮ್ಮದೇನೂ ಇಲ್ಲ. ಬೇಡಿಕೊಂಡಳಂತೆ! ಅವ್ವ ಹುಟ್ಟಿದಾಗಿನಿಂದ ಯಾರ ಬಳಿಯೂ ಏನನ್ನೂ ಬೇಡಿಕೊಂಡವಳಲ್ಲ. ಅವರು ಮೇಘನಾಳ ಓದಿಗೂ ಕುತ್ತು ಬಂದೀತೆಂದು ಹೆದರಿ ಹಾಗೆಂದರು ಎಂದು ಈಗ ನಾನು ತಿಳಿದುಕೊಳ್ಳಬಲ್ಲೆ. ಕ್ಷಮಿಸುವ ಮಾತು ಬೇರೆ. ಆ ಮಾತನ್ನು ನಾನು ಕ್ಷಮಿಸಿಲ್ಲ. ನೀರು ಕೇಳಿದ್ದಕ್ಕೆ ನನಗೆ ಪಶ್ಚಾತ್ತಾಪವೂ ಇಲ್ಲ. ನೀರು ಕೇಳಿ ಕುಡಿಯುವುದು ಒಳ್ಳೆಯ ನಡತೆ.

ಅಂದು ಸಂಜೆ ನಮ್ಮ ಮನೆಯಲ್ಲಿ ನಡೆದ ಜಗಳಕ್ಕೆ ಕೆಳಗೆ ರೋಸಾ ಟೀವಿಯ ಸದ್ದು ಕಡಿಮೆ ಮಾಡಿದ್ದಳು. ಅಪ್ಪ ಹಾಲಿನಲ್ಲಿ ಶತಪಥ ಹಾಕುತ್ತಿದ್ದ. ಅವನಿಗೆ ಅವಮಾನವಾಗಿತ್ತು, ಆ ಅವಮಾನವನ್ನು ಎಲ್ಲಿಡಬೇಕೆಂದು ತಿಳಿಯದೆ ಊರು ಬಿಡುವ ಮಾತಾಡಿದ.

“ಸ್ಯಾಂಟಾ ಕ್ಲಾರಿಟಾದಾಗ ಸಾಲಿ ಭಾಳ ಚೊಲೊ ಅದಾವಂತ. ಅಲ್ಲೇ ಹತ್ತಿರ ಬರ್ಬ್ಯಾಂಕಿನ್ಯಾಗ ಕೆಲಸಕ್ಕ ಅಪ್ಲೈ ಮಾಡ್ತೀನಿ. ಹೋಗಿಬಿಡೂಣು.”

“ಅಲ್ಲೂ ಒಂದು ರಸ್ತಾ ಇರ್ತೈತಿ. ಅದರಾಚೆ ಇನ್ನೊಂದು ಸಾಲಿ ಇರ್ತೈತಿ. ಎಷ್ಟು ಊರು ಓಡ್ತೀರಿ?”

“ಹಂಗಾರ ಆಕಿ ಆ ತಗಡಿನ ಡಬ್ಬಿಯೊಳಗ ಕುಂದರಬೇಕೇನು? ಆಕಿ ಜೀವನ ಹಾಳಾಗ್ಲೇನು?”

“ಚೊಲೊ ಸಾಲಿ ಬ್ಯಾಡ ಅಂದೆನೇನು ನಾ? ನಮ್ಮ ಸಾಲಿ ಯಾಕ ಚೊಲೊ ಇಲ್ಲ ಅಂತ ಒಬ್ಬರೂ ಕೇಳವಲ್ರಿ. ಎಲ್ಲಾರೂ ಕಳ್ಳದಾರಿ ಹುಡುಕಾವರ. ನನ್ನ ಮಗಳು ಮನಿ ಇಲ್ಲದಾಕಿ ಅಲ್ಲ. ಆಕಿಗೆ ಮನಿ ಐತಿ. ಇದ ಆಕಿ ಮನಿ.”

ಅವ್ವ ಕೈಯಲ್ಲಿದ್ದ ಲಟ್ಟಣಿಗೆಯಿಂದ ನೆಲ ತೋರಿಸಿದಳು. ಅಳುತ್ತಿದ್ದ ನನಗೆ ಅಳು ನಿಂತಿತು. ನಾನು ಇಂಗ್ಲಿಷಿನಲ್ಲಿ, ಆದರೆ ನನ್ನ ಆಲ್ಜಿಬ್ರಾ, ಎಂದೆ. ಅದನ್ನೂ ನೋಡೋಣ, ಈಗ ಉಣ್ಣು, ಎಂದು ಅವ್ವ ತಟ್ಟೆಗೆ ಬಡಿಸಿದಳು. ಆ ದಿನದಿಂದ ಅಪ್ಪ ಊಟಕ್ಕೆ ಕೂತಾಗ ನನ್ನನ್ನು ಏನೂ ಕೇಳಲಿಲ್ಲ.

ಮೇಲಿನ ಶಾಲೆ ನನ್ನ ಹೆಸರು ತೆಗೆದುಹಾಕಿತು, ನಾನು ಕೆಳಗಿನ ಶಾಲೆಗೆ ಸೇರಿದೆ. ಅದರ ಬಗ್ಗೆ ಮೇಲಿನವರು ಹೇಳುತ್ತಿದ್ದ ಕತೆಗಳು ಬಹಳ. ನಾನು ಅಲ್ಲಿ ಓದಿದವಳು, ನನ್ನ ಮಾತನ್ನೂ ಕೇಳಿ. ಮಕ್ಕಳು ಮಕ್ಕಳಂತೆಯೇ ಇದ್ದರು. ಬಿಸಿಲಿಗೆ ತಗಡು ಕಾಯುತ್ತಿತ್ತು, ಮಳೆ ಬಂದರೆ ಮೇಷ್ಟರ ಧ್ವನಿ ಕೇಳುತ್ತಿರಲಿಲ್ಲ, ಲೈಬ್ರರಿ ದಿನ ಬಿಟ್ಟು ದಿನ ಮುಚ್ಚಿರುತ್ತಿತ್ತು. ನಮ್ಮ ಲೆಕ್ಕದ ಟೀಚರ್ ಒಳ್ಳೆಯವರು. ಏಳನೆಯ ತರಗತಿಯಲ್ಲಿ ನಾನು ಕ್ರಿಸ್‌ಮಸ್ ರಜೆಗೆ ಮುಂಚೆಯೇ ಪುಸ್ತಕ ಮುಗಿಸಿದಾಗ, ಅವರು ಮುಖ ಸಣ್ಣ ಮಾಡಿಕೊಂಡು, ಇದಕ್ಕಿಂತ ಮುಂದಿನದು ನಮ್ಮಲ್ಲಿ ಇಲ್ಲ, ಕಳಿಸಿಕೊಡಿ ಎಂದು ಡಿಸ್ಟ್ರಿಕ್ಟಿನವರನ್ನು ಕೇಳುತ್ತಲೇ ಇದ್ದೇನೆ, ಎಂದರು. ಲೆಕ್ಕದ ಪೀರಿಯಡ್ಡಿನಲ್ಲಿ ನನ್ನನ್ನು ಆಫೀಸಿಗೆ ಕಳಿಸುತ್ತಿದ್ದರು, ಅಲ್ಲಿ ಕೂತು ಕಾಗದಗಳಿಗೆ ಸ್ಟೇಪ್ಲರ್ ಹೊಡೆಯುತ್ತಿದ್ದೆ. ರಸ್ತೆಯಾಚೆ ಮೇಘನಾ ಮುಂದಿನ ವರ್ಷ ಆಲ್ಜಿಬ್ರಾ ಕಲಿಯುವವಳಿದ್ದಳು. ಎಂಟರಲ್ಲಿ ಅದನ್ನು ಕಲಿಯದವರು ಹೈಸ್ಕೂಲಿನಲ್ಲಿ ಲೆಕ್ಕದ ಕೊನೆಯ ಮೆಟ್ಟಿಲು ಹತ್ತುವುದು ಕಷ್ಟ. ಸ್ಟೇಪ್ಲರಿನ ಪ್ರತಿ ಹೊಡೆತಕ್ಕೂ ನನಗೆ ಅದೇ ನೆನಪಾಗುತ್ತಿತ್ತು.

ಅದೇ ವರ್ಷ ನಮ್ಮ ಇಳಿಜಾರಿನಲ್ಲಿ, ಅಪಾರ್ಟ್‌ಮೆಂಟುಗಳ ಬೆನ್ನಿಗೆ, ಹೊಸ ಮನೆಗಳು ಎದ್ದವು. ದೊಡ್ಡ ಮನೆಗಳು, ದೊಡ್ಡ ಗೇಟು. ಇವು ರಸ್ತೆಯ ಈಚೆ ಇದ್ದವು, ಕೆಳಗಿನ ಶಾಲೆಗೇ ಸೇರಬೇಕು. ಆದರೆ ಕೊಳ್ಳುವವರಿಗೆ ಮೇಲಿನ ಶಾಲೆ ಬೇಕಿತ್ತು. ಡಿಸ್ಟ್ರಿಕ್ಟಿನ ಹೊಸ ನಕ್ಷೆಯಲ್ಲಿ ಗೆರೆ ದೊಡ್ಡ ರಸ್ತೆಯನ್ನು ದಾಟಿ ಇಳಿದು, ನಮ್ಮ ಅಪಾರ್ಟ್‌ಮೆಂಟುಗಳನ್ನು ಹೊರಗೇ ಬಿಟ್ಟು, ಆ ಮನೆಗಳನ್ನಷ್ಟೇ ತಬ್ಬಿಕೊಂಡು ಮೇಲೆ ಹತ್ತಿತ್ತು. ನಾವು ಅದೇ ಗೆರೆಯನ್ನು ದಾಟಿದಾಗ ಮನೆ ಬಾಗಿಲಿಗೆ ಮನುಷ್ಯನನ್ನು ಕಳಿಸಿದ್ದರು. ಇವರಿಗಾಗಿ ಗೆರೆಯೇ ನಡೆದುಕೊಂಡು ಬಂತು. ಅವ್ವ ನಕ್ಷೆಯನ್ನು ಟೇಬಲ್ಲಿನ ಮೇಲೆ ಹರಡಿ, ಬೆರಳಿನಿಂದ ಆ ಡೊಂಕನ್ನು ಎರಡು ಸಲ ತಿದ್ದಿದಳು. ಆಮೇಲೆ ಕೆಳಗೆ ಹೋಗಿ ರೋಸಾಳನ್ನು ಕರೆದಳು.

ಮುಂದಿನದನ್ನು ಕೇಳಿ ಗೆಲುವಿನ ಕತೆ ಎಂದುಕೊಳ್ಳಬೇಡಿ. ಗೆರೆ ಅವರು ಎಳೆದ ಹಾಗೆಯೇ ಉಳಿಯಿತು. ಹೊಸ ಮನೆಗಳ ಮಕ್ಕಳು ಮೇಲಿನ ಶಾಲೆಗೇ ಹೋದರು. ಮುಂದಿನ ವರ್ಷ ನಮ್ಮ ತಗಡಿನ ಕೋಣೆಯೊಂದಕ್ಕೆ ಆಲ್ಜಿಬ್ರಾ ಬಂತು, ಅಷ್ಟೇ. ಆ ಅಷ್ಟಕ್ಕೆ ಏನು ಬೇಕಾಯಿತೆಂಬುದನ್ನು ಹೇಳುತ್ತೇನೆ.

ಡಿಸ್ಟ್ರಿಕ್ಟನ್ನು ನಡೆಸುವ ಬೋರ್ಡಿನ ಸಭೆ ಸಂಜೆಗಿತ್ತು, ಹೊಸ ನಕ್ಷೆಯ ಬಗ್ಗೆ ಹೆಸರು ಕೊಟ್ಟವರೆಲ್ಲ ಮಾತಾಡಬಹುದಿತ್ತು. ಅವ್ವ ಇಳಕಲ್ ಸೀರೆ ಉಟ್ಟಳು. ಅಪ್ಪ ಬರುವುದಿಲ್ಲ ಎನ್ನುತ್ತಲೇ ಕಾರು ತೆಗೆದ. ರೋಸಾ ನಮ್ಮ ಜೊತೆ ಕೂತಳು. ಸಭೆಯಲ್ಲಿ ನೆಲದಿಂದ ಎತ್ತರದ ಕಟ್ಟೆಯ ಮೇಲೆ ಬೋರ್ಡಿನವರು, ಕೆಳಗೆ ಮೈಕು, ಮೈಕಿನ ಪಕ್ಕ ಒಂದು ಚಿಕ್ಕ ದೀಪ. ಮಾತಾಡುವವರಿಗೆ ತಲಾ ಎರಡು ನಿಮಿಷ. ಹಸಿರು ಹೋಗಿ ಕೆಂಪು ಬಂದರೆ ಮುಗಿಯಿತು. ಉಷಾ ಆಂಟಿ ಎರಡನೆಯ ಸಾಲಿನಲ್ಲಿದ್ದರು, ನಮ್ಮನ್ನು ಕಂಡು ಪರ್ಸಿನಲ್ಲಿ ಏನೋ ಹುಡುಕತೊಡಗಿದರು. ಹೊಸ ಮನೆಗಳವರು ಒಬ್ಬೊಬ್ಬರಾಗಿ ಬಂದು ಚೊಕ್ಕವಾಗಿ ಮಾತಾಡಿ ಹೋದರು. ಆಮೇಲೆ ಅವ್ವನ ಹೆಸರು ಕರೆದರು. ನಡುವೆ ಕೂತ ಅಧ್ಯಕ್ಷೆ ಎಲ್ಲರಿಗೂ ಹೇಳಿದಂತೆ, ದಾಖಲೆಗಾಗಿ ಹೆಸರು ಮತ್ತು ವಿಳಾಸ ಹೇಳಿ, ಎಂದರು.

ಅವ್ವನ ಊರಿನಲ್ಲಿ ವಿಳಾಸ ಕೇಳುವವರು ಮನೆಗೆ ಬರುವವರು ಮಾತ್ರ. ಬರುವ ಮನಸ್ಸಿಲ್ಲದವರು ಕೇಳುವುದಿಲ್ಲ. ಕೇಳಿದವರಿಗೆ ದಾರಿ ಸರಿಯಾಗಿ ಹೇಳದಿದ್ದರೆ ಅದು ಬರಬೇಡಿ ಎಂದ ಹಾಗೆ. ಅವ್ವ ಸೆರಗು ಸರಿಮಾಡಿಕೊಂಡು, ತನ್ನ ಇಂಗ್ಲಿಷಿನಲ್ಲಿ, ನಿಧಾನವಾಗಿ ಶುರು ಮಾಡಿದಳು.

“ನನ್ನ ಹೆಸರು ನೀಲಮ್ಮ. ಸಿಕಮೋರ್ ಕೋರ್ಟ್, ಬಿ ಬಿಲ್ಡಿಂಗ್. ದೊಡ್ಡ ರಸ್ತೆಯಿಂದ ಕೆಳಗೆ ಇಳಿದು ಬನ್ನಿ. ಟೈರ್ ಅಂಗಡಿ ಸಿಗುತ್ತದೆ, ಅದಲ್ಲ, ಅದರ ಹಿಂದೆ ಲಾಂಡ್ರಿ ಇದೆ. ಲಾಂಡ್ರಿಯ ಪಕ್ಕದ ಮೆಟ್ಟಿಲು ಹತ್ತಿ. ಬಾಗಿಲ ಮುಂದೆ ರಂಗೋಲಿ ಇರುತ್ತದೆ, ಅದೇ ಮನೆ. ಗೊತ್ತಾಗದಿದ್ದರೆ ಕೆಳಗೆ ರೋಸಾ ಇದ್ದಾಳೆ, ಇಗೋ ಇವಳೇ, ಇವಳನ್ನು ಕೇಳಿ. ಭಾನುವಾರ ಬನ್ನಿ, ಊಟಕ್ಕೆ. ಕಾರು ಲಾಂಡ್ರಿಯ ಮುಂದೆ ನಿಲ್ಲಿಸಬೇಡಿ, ಎಳೆದುಕೊಂಡು ಹೋಗುತ್ತಾರೆ...”

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ನಾನು ನಾಚಿಕೆಯಿಂದ ಕುಗ್ಗಿ ಹೋದೆ. ಬೋರ್ಡಿನವರು ಒಬ್ಬೊಬ್ಬರೂ ಎಲ್ಲಿ ಕೂರಬಹುದು, ಯಾರಿಗೆ ಖಾರ ಆಗುತ್ತದೆ ಎಂದೆಲ್ಲ ಅವ್ವ ಹೇಳುತ್ತಿರುವಾಗ ಕೆಂಪು ದೀಪ ಬಂತು. ಶಾಲೆಯ ಸುದ್ದಿಗೆ ಅವಳಿನ್ನೂ ಬಂದೇ ಇರಲಿಲ್ಲ. ಅಧ್ಯಕ್ಷೆ ನಗುನಗುತ್ತಲೇ, ಧನ್ಯವಾದ ಮೇಡಂ, ನಿಮ್ಮ ಸಮಯ ಮುಗಿಯಿತು, ಎಂದರು. ಅವ್ವ ಆ ದೀಪವನ್ನೂ ಅವರ ಮುಖವನ್ನೂ ನೋಡಿದಳು.

“ಒಬ್ಬರೂ ಇಳಿದು ಬಂದು ನೋಡಿಲ್ಲ,” ಎಂದಳು. “ಅದಕ್ಕೇ ದಾರಿ ಹೇಳಿದೆ.”

ಮರುಕ್ಷಣವೇ ನನ್ನ ಹೆಸರು ಕರೆದರು. ಅವ್ವ ನನಗೆ ಹೇಳದೆಯೇ ಹೆಸರು ಕೊಟ್ಟಿದ್ದಳು. ನಾನು ಎದ್ದು ಮೈಕಿನ ಬಳಿಗೆ ಹೋದೆ. ಅವ್ವ ಮೈಕನ್ನು ನನ್ನ ಬಾಯಿಗೆ ಬಗ್ಗಿಸಿ, ಬದಿಗೆ ಸರಿದು, ಅಲ್ಲೇ ನಿಂತಳು. ದೀಪ ಹಸಿರಾಯಿತು.

“ಹೆಸರು, ವಿಳಾಸ?” ಎಂದರು ಅಧ್ಯಕ್ಷೆ.

ಹಾಳು ನಾಲಿಗೆ. ಮೊದಲು ತುದಿಗೆ ಬಂದು ನಿಂತದ್ದು ಹಾಕ್ ರಿಡ್ಜ್ ಲೇನ್. ಅದರ ನಂಬರು, ಜಿಪ್ ಕೋಡು, ಎಲ್ಲವೂ ಸಾಲಾಗಿ ತಯಾರಾಗಿ ನಿಂತವು. ಅದನ್ನು ನುಂಗಿದೆ. ಹೆಸರು ಹೇಳಿದೆ. ಸಿಕಮೋರ್ ಕೋರ್ಟ್, ಬಿ ಬಿಲ್ಡಿಂಗ್, ಎರಡನೆಯ ಮಹಡಿ ಎಂದೆ. ಧ್ವನಿ ಗಟ್ಟಿಯಾಗಿಯೇ ಬಂತು, ಹಿಂದಿನ ಸಾಲಿನಲ್ಲಿದ್ದ ಅಪ್ಪ ತಲೆ ಎತ್ತಿದ. ಪುಸ್ತಕ ಮುಗಿದದ್ದು ಹೇಳಿದೆ, ಸ್ಟೇಪ್ಲರ್ ಹೇಳಿದೆ, ಆಲ್ಜಿಬ್ರಾ ಎಲ್ಲಿದೆ ಎಂಬುದನ್ನೂ ಹೇಳಿದೆ. ಅಧ್ಯಕ್ಷೆ ಮುಂದಕ್ಕೆ ಬಾಗಿ, ಹಾಗಾದರೆ ನಿನ್ನನ್ನು ಮೇಲಿನ ಶಾಲೆಗೆ ಸೇರಿಸಿಕೊಂಡರೆ ಸರಿಹೋಗುತ್ತದೆಯೇ ಎಂದು ಕೇಳಿದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ಮುಂಬಾಗಿಲ ಬಳಿ ಗೋಡೆಗೆ ಮೂತಿಯಿಟ್ಟು ನಿಂತ ನನ್ನ ಬೂಟು ಕಣ್ಣಿಗೆ ಬಂತು.

“ಇಲ್ಲ,” ಎಂದೆ. “ನಮ್ಮ ಮನೆ ಎಲ್ಲಿದೆ ಅಂತ ಅವ್ವ ದಾರಿ ಹೇಳಿದ್ದಾಳೆ. ಆಲ್ಜಿಬ್ರಾ ಅಲ್ಲಿಗೆ ಬರಲಿ.”